ಬರೀ ನೀರು

"ಏನು ಚೆಲ್ಲಿದ್ದು?" ಅಂದ ಜ್ವೊಂಕೊ.
"ನೀರು," ಅಂದೆ. "ಬರೀ ನೀರು."

ಜುಲೈ ತಿಂಗಳು. ಜಿಲಾಂಗಿನ ಚಳಿ
ಕೊಲ್ಲಿಯಿಂದೆದ್ದು ಪ್ಯಾಕಿಂಗ್ಟನ್ ಬೀದಿಗುಂಟ ಬಂದು
ಅವನ ಅಂಗಡಿಯ ಗಾಜಿಗೆ ಮೂಗೊತ್ತಿ ನಿಂತಿತ್ತು.
ಗುಂಡಿ ಒತ್ತಿದ. ಒತ್ತಿಯೇ ಹಿಡಿದ,
ಮೂವತ್ತರ ತನಕ ಎಣಿಸಿದ, ತನ್ನ ಕ್ರೊಯೇಷಿಯನ್ನಿನಲ್ಲಿ.
ಬೇರೆ ಚಾರ್ಜರು ಚುಚ್ಚಿದ.
ದೀಪವಿಲ್ಲ. ಫ್ಯಾನಿನ ಉಸಿರಿಲ್ಲ.
ಕಪ್ಪು ಪರದೆ, ಅದರಲ್ಲಿ ನನ್ನದೇ ಮುಖ.

"ಬಿದ್ದ ಮೇಲೆ ಏನು ಮಾಡಿದಿರಿ?"
ಒರೆಸಿದೆ. ಬೋರಲು ಹಾಕಿದೆ. ಆಮೇಲೆ
ಯಾರೋ ಹೇಳಿದರೆಂದು ಅಕ್ಕಿ ಚೀಲದಲ್ಲಿ ಹೂತೆ,
ಹತ್ತು ಕಿಲೋ ಸೋನಾ ಮಸೂರಿ, ಎರಡು ರಾತ್ರಿ.
ನಡುವೆ ತಡೆಯಲಾರದೆ ಮೂರು ಸಲ ಆನ್ ಮಾಡಿ ನೋಡಿದೆ.
"ಅಕ್ಕಿ ಊಟಕ್ಕೆ," ಅಂದ.
"ಕೊಂದದ್ದು ಚೆಲ್ಲಿದ್ದಲ್ಲ, ಆ ಮೂರು ಸಲ."

ನಾನು ಕೋರ್ಟಿನಲ್ಲಿ ದುಭಾಷಿ.
ಹನ್ನೊಂದು ವರ್ಷದಿಂದ ಪ್ರಮಾಣ ಮಾಡುತ್ತಲೇ ಇದ್ದೇನೆ:
ಕೇಳಿದ್ದನ್ನು ಕೇಳಿದ ಹಾಗೆ, ಕೂಡಿಸದೆ, ಕಳೆಯದೆ.
ಕುಡಿದು ಗಾಡಿ ಓಡಿಸಿದವನ "ಬರೀ ಮಜ್ಜಿಗೆ ಸ್ವಾಮಿ"ಯನ್ನೂ
ಮುಖ ಸಡಿಲಿಸದೆ ಇಂಗ್ಲಿಷಿಗೆ ದಾಟಿಸಿದವಳು.
ಸುಳ್ಳು ಅವರದು, ವ್ಯಾಕರಣ ನನ್ನದು.
ಈ ನಾಲ್ಕಕ್ಷರ ಮಾತ್ರ
ಪೂರ್ತಿ ನನ್ನದು.

ಹತ್ತು ತಿರುಪು. ಒಂದೊಂದನ್ನೂ
ಮೊಟ್ಟೆ ಟ್ರೇಯ ಗುಳಿಗಳಲ್ಲಿ ಸಾಲಾಗಿ ಇಟ್ಟ.
ಮೊದಲು ಬ್ಯಾಟರಿಯ ಕೊಂಡಿ ಕಿತ್ತ.
ಮೀಟರಿನ ಎರಡು ಮುಳ್ಳು ಅಲ್ಲಿಲ್ಲಿ ಮುಟ್ಟಿಸಿ ನೋಡಿ,
"ಹತ್ತೊಂಬತ್ತು ವೋಲ್ಟು ಬಾಗಿಲ ತನಕ ಬಂದು ನಿಂತಿದೆ,
ಒಳಗೆ ಯಾರೂ ಕರೆಯುತ್ತಿಲ್ಲ."
ಭೂತಗನ್ನಡಿ ಎಳೆದುಕೊಂಡ. ಅದರಡಿ
ಹಬ್ಬಿತ್ತು ಹಸಿರು ಕಿಲುಬು.
ನನಗೆ ಗೊತ್ತು ಆ ಹಸಿರು:
ಹುಣಸೆಹುಳಿ ಹಚ್ಚಿದ ತಾಮ್ರದ ಚೊಂಬನ್ನು
ತೊಳೆಯದೆ ಮರೆತರೆ ಬೆಳಿಗ್ಗೆ ಕಾಣುವುದು.
ಗೊತ್ತಿದ್ದೂ ಸುಮ್ಮನಿದ್ದೆ.

ಆಮೇಲೆ ಕೀಬೋರ್ಡು ಎತ್ತಿದ.
ಮೂಗು ಹತ್ತಿರ ತಂದ. ನನ್ನ ಕಡೆ ನೋಡಿದ.
ಇಕ್ಕಳದ ತುದಿಯಲ್ಲಿ ಹಿಡಿದು ಬಿಳಿ ಕಾಗದದ ಮೇಲಿಟ್ಟ
ಒಂದು ಸಾಸಿವೆ. ಸಿಡಿದದ್ದು.
ಪಕ್ಕದಲ್ಲಿ, ಉಗುರಿನಷ್ಟು ಕರಿಬೇವು.
"ನಿಮ್ಮ ಮನೆ ನಲ್ಲಿಯಲ್ಲಿ ಇದೂ ಬರುತ್ತಾ?"

ಸೋಮವಾರ ರಾತ್ರಿ, ನೆಗಡಿಗೆಂದು ಮೆಣಸು ಮುಂದಾಗಿ ಹಾಕಿ,
ಲೋಟ ಒಂದು ಕೈಲಿ, ಮರುದಿನದ ಕೇಸು ಇನ್ನೊಂದು ಕೈಲಿ.
ಸೀನು ಬಂತು. ಅಷ್ಟೆ ಕಥೆ.
ಆದರೆ ಕಾಗದದ ಮೇಲೆ
ಸಾಕ್ಷ್ಯ ಒಂದು. ಸಾಕ್ಷ್ಯ ಎರಡು.
ಕಟಕಟೆಯ ಪಕ್ಕ ನಿಂತು ಅಭ್ಯಾಸವಿತ್ತು,
ಒಳಗೆ ನಿಂತದ್ದು ಇದೇ ಮೊದಲು.

"ಬ್ಯಾಕಪ್?"
ಇಲ್ಲ. ಅದರಲ್ಲಿದೆ ನನ್ನ ಪದಪಟ್ಟಿ:
ಅಫಿಡವಿಟ್ಟಿಗೆ ಹಾಸನದವರಿಗೊಂದು ಮಾತು, ಬೀದರಿನವರಿಗೊಂದು,
ತಪ್ಪೊಪ್ಪಿಗೆಗೆ ಮೂರು ಬಗೆ,
'ನೋ ಕಾಮೆಂಟ್' ಎದುರಿಗೆ ಇನ್ನೂ ಖಾಲಿ ಸಾಲು.

ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟಿನಲ್ಲಿ ಅದ್ದಿ ತಿಕ್ಕಿದ.
ನುಚ್ಚಿಗಿಂತ ಸಣ್ಣದೊಂದನ್ನು ಕಿತ್ತು
ಅಂಥದೇ ಇನ್ನೊಂದನ್ನು ಬೆಸೆದ.
ಬಿಸಿ ತಾಗಿ ಬೋರ್ಡಿನಿಂದ ಇಂಗಿನ ಗಮಲೆದ್ದಿತು,
ಅವನ ಹೊಟ್ಟೆ ಗುರ್ರೆಂದಿತು.
ಇಬ್ಬರೂ ಕೇಳಿಸದವರಂತೆ ಕೂತೆವು.

ಫಾರಂ ನನ್ನತ್ತ ತಳ್ಳಿದ. 'ದ್ರವ'ದ ಮುಂದೆ
'ನೀರು' ಬರೆದು ಹೊಡೆದುಹಾಕಿತ್ತು.
"ಸರಿಯಾದ ಹೆಸರು ಹೇಳಿ."
ಸೂಪು ಅನ್ನಲೇ? ಸೂಪಲ್ಲ.
ಕರಿ ಅಂದರೆ ಪ್ರಮಾಣಭಂಗ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ದಾಟಿಸದೆ ಈಚೆ ದಡದಲ್ಲೇ ಬಿಟ್ಟೆ:
"ಸಾರು."

ಅವನಿಗೆ ಕೇಳಿಸಿದ್ದು 'ಸಾರಿ'.
"ಪರವಾಗಿಲ್ಲ," ಅಂದ, ಗುಂಡಿಯ ಮೇಲೆ ಬೆರಳಿಟ್ಟು,
"ಎಲ್ಲರೂ ಮೊದಲು ನೀರು ಅಂತಲೇ ಹೇಳೋದು."

ನಾನು ತಿದ್ದಲಿಲ್ಲ.
ಫ್ಯಾನು ಒಂದು ಸುತ್ತು ತಿರುಗಿ ನಿಂತಿತು.
ಅವನು ಮತ್ತೆ ಎಣಿಸತೊಡಗಿದ.